ಕಿರು ಮೀನುತೊಟ್ಟಿ

ಕಿರು ಮೀನುತೊಟ್ಟಿ ಎಂದರೆ ಸುಮಾರು 5ರಿಂದ 25 ಲೀಟರ್‌ ನೀರು ಹಿಡಿಯುವ, ಮೇಜಿನ ಮೇಲೆ ಅಥವಾ ಗೋಡೆಯ ಗೂಡಿನಲ್ಲಿ ಇಡಬಹುದಾದ ಸಣ್ಣ ಗಾಜಿನ ಅಕ್ವೇರಿಯಂ. ಇದನ್ನು ನ್ಯಾನೊ ಅಕ್ವೇರಿಯಂ ಎಂದೂ ಕರೆಯುತ್ತಾರೆ. ತೊಟ್ಟಿ ಚಿಕ್ಕದಾದಷ್ಟೂ ನಿರ್ವಹಣೆ ಸುಲಭವೆಂಬ ನಂಬಿಕೆ ವ್ಯಾಪಕವಾಗಿದೆ. ವಸ್ತುಸ್ಥಿತಿ ಇದಕ್ಕೆ ವಿರುದ್ಧವಾದುದು. ನೀರು ಕಡಿಮೆಯಿದ್ದಲ್ಲಿ ಉಷ್ಣತೆ, ಲವಣಾಂಶ ಮತ್ತು ತ್ಯಾಜ್ಯದ ಪ್ರಮಾಣಗಳು ಬೇಗನೆ ಏರುಪೇರಾಗುತ್ತವೆ, ತಪ್ಪನ್ನು ತಿದ್ದಲು ದೊರೆಯುವ ಕಾಲವೂ ಕಡಿಮೆ. ಆದುದರಿಂದ ಇಂಥ ತೊಟ್ಟಿಗೆ ಮೀನು ಮತ್ತು ಸಸ್ಯಗಳನ್ನು ಅಂದಚೆಂದ ನೋಡಿ ಆರಿಸುವುದಕ್ಕಿಂತ ಆಯಾ ಊರಿನ ನೀರು ಮತ್ತು ಹವೆಯನ್ನು ನೋಡಿ ಆರಿಸುವುದು ಮುಖ್ಯವಾಗುತ್ತದೆ. ಈ ಲೇಖನವು ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿ ತಾಲೂಕುಗಳ ಪರಿಸರವನ್ನು ಉದಾಹರಣೆಯಾಗಿ ಇಟ್ಟುಕೊಂಡು ಆ ಆಯ್ಕೆಯನ್ನು ವಿವರಿಸುತ್ತದೆ. ಗಡಸು ನೀರು ಮತ್ತು ಉರಿಬಿಸಿಲು ಇರುವ ಉತ್ತರ ಕರ್ನಾಟಕದ ಇತರ ಭಾಗಗಳಿಗೂ ಇಲ್ಲಿನ ಬಹುಪಾಲು ಸಂಗತಿಗಳು ಅನ್ವಯಿಸುತ್ತವೆ.

ಚರಿತ್ರೆ

ಮೀನುಗಳನ್ನು ಗಮನಿಸಿ ದಾಖಲಿಸುವ ಪರಂಪರೆ ಕನ್ನಡ ನಾಡಿನಲ್ಲಿ ಹಳೆಯದು. ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದವೆಂಬ ಭಾಗವೇ ಇದೆ. ಅದರಲ್ಲಿ ಮೀನಿನ ಬಗೆಗಳು, ಅವುಗಳಿಗೆ ಹಾಕುವ ಆಹಾರ, ಗಾಳದ ಕ್ರಮ ಮುಂತಾದ ವಿಷಯಗಳಿವೆ. ಆದರೆ ಅದು ಮೀನು ಹಿಡಿಯುವ ವಿನೋದವೇ ಹೊರತು ಗಾಜಿನೊಳಗೆ ಸಾಕುವ ವಿನೋದವಲ್ಲ.

ಗಾಜಿನ ತೊಟ್ಟಿಯಲ್ಲಿ ಮೀನು ಮತ್ತು ಸಸ್ಯಗಳನ್ನು ಒಟ್ಟಿಗೆ ಸಾಕುವ ಪದ್ಧತಿಗೆ ಶಾಸ್ತ್ರೀಯ ತಳಹದಿ ಒದಗಿದ್ದು 19ನೆಯ ಶತಮಾನದ ಇಂಗ್ಲೆಂಡಿನಲ್ಲಿ. ರಸಾಯನಶಾಸ್ತ್ರಜ್ಞ ರಾಬರ್ಟ್‌ ವಾರಿಂಗ್ಟನ್‌ 1850ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಎರಡು ಚಿನ್ನದ ಮೀನುಗಳನ್ನೂ ವ್ಯಾಲಿಸ್ನೇರಿಯ ಎಂಬ ಜಲಸಸ್ಯವನ್ನೂ ಒಂದೇ ಪಾತ್ರೆಯಲ್ಲಿ ಇರಿಸಿದನು. ಸಸ್ಯವು ಬಿಟ್ಟ ಆಮ್ಲಜನಕ ಮೀನಿಗೆ ಒದಗಿತು. ಆದರೆ ಕೊಳೆತ ಎಲೆಗಳಿಂದ ನೀರು ಕೆಡತೊಡಗಿದಾಗ ಆತ ಬಸವನಹುಳುಗಳನ್ನು ಸೇರಿಸಬೇಕಾಯಿತು. ಅವು ಕೊಳೆತ ಎಲೆಯನ್ನು ತಿಂದು ತೀರಿಸಿದವು. ಲಂಡನ್ನಿನ ಪ್ರಾಣಿಸಂಗ್ರಹಾಲಯದಲ್ಲಿ 1853ರಲ್ಲಿ ಸಾರ್ವಜನಿಕ ಮತ್ಸ್ಯಾಲಯ ತೆರೆಯಿತು. ಮರುವರ್ಷ ಪ್ರಕಟವಾದ ಫಿಲಿಪ್‌ ಹೆನ್ರಿ ಗಾಸ್‌ನ ಪುಸ್ತಕದಿಂದ ‘ಅಕ್ವೇರಿಯಂ’ ಎಂಬ ಪದ ಬಳಕೆಗೆ ಬಂದಿತು. ವಾರಿಂಗ್ಟನ್ನನ ಪ್ರಯೋಗದಲ್ಲಿ ಇಂದಿಗೂ ಗಮನಿಸಬೇಕಾದ ಅಂಶವೆಂದರೆ, ತೊಟ್ಟಿಯೊಳಗಿನ ಸಮತೋಲ ತಾನಾಗಿ ಏರ್ಪಡಲಿಲ್ಲ. ಕೆಟ್ಟದ್ದನ್ನು ಕಂಡು, ಕಾರಣ ಹುಡುಕಿ, ಸರಿಪಡಿಸಿದ ಮೇಲಷ್ಟೇ ಏರ್ಪಟ್ಟಿತು.

ಅಳತೆ ಮತ್ತು ನೀರಿನ ಪ್ರಮಾಣ

ತೊಟ್ಟಿಯ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ 1000ದಿಂದ ಭಾಗಿಸಿದರೆ ಲೀಟರಿನಲ್ಲಿ ಅದರ ಗಾತ್ರ ದೊರೆಯುತ್ತದೆ. 30 ಸೆಂ.ಮೀ. ಉದ್ದ, 20 ಸೆಂ.ಮೀ. ಅಗಲ, 20 ಸೆಂ.ಮೀ. ಎತ್ತರದ ತೊಟ್ಟಿಯ ಗಾತ್ರ 12 ಲೀಟರ್‌. ತಳದಲ್ಲಿ 3 ಸೆಂ.ಮೀ. ಮರಳು ಹಾಸಿ, ಮೇಲೆ 2 ಸೆಂ.ಮೀ. ಬಿಟ್ಟರೆ ಅದರಲ್ಲಿ ನಿಲ್ಲುವ ನೀರು ಕೇವಲ 9 ಲೀಟರ್‌. ಅಂದರೆ ಮನೆಯ ಒಂದು ಸಣ್ಣ ಕೊಡದಷ್ಟು. ಮೀನಿನ ಸಂಖ್ಯೆಯನ್ನು ಲೆಕ್ಕ ಹಾಕಬೇಕಾದದ್ದು ಈ 9 ಲೀಟರಿಗೆ, ಅಂಗಡಿಯವರು ಹೇಳುವ 12 ಲೀಟರಿಗಲ್ಲ.

ಪಾತ್ರೆಯ ಆಕಾರವೂ ಮುಖ್ಯ. ನೀರಿಗೆ ಆಮ್ಲಜನಕ ಸೇರುವುದು ಹೆಚ್ಚಾಗಿ ಮೇಲ್ಮೈಯಿಂದ. ಗುಂಡನೆಯ ಗಾಜಿನ ಬಟ್ಟಲನ್ನು ಕತ್ತಿನವರೆಗೆ ತುಂಬಿದಾಗ ಗಾಳಿಗೆ ತೆರೆದ ಮೇಲ್ಮೈ ಬಹಳ ಕಿರಿದಾಗುತ್ತದೆ. ಅಗಲವಾದ, ಎತ್ತರ ಕಡಿಮೆಯಿರುವ ಆಯತಾಕಾರದ ತೊಟ್ಟಿಯೇ ಮೇಲು.

ಪ್ರದೇಶದ ನೀರು ಮತ್ತು ಹವೆ

ಜಮಖಂಡಿ, ರಬಕವಿ-ಬನಹಟ್ಟಿ ಮತ್ತು ಬೀಳಗಿ ತಾಲೂಕುಗಳಲ್ಲಿ ಕೃಷ್ಣಾ ನದಿಯೂ ಮುಧೋಳ ತಾಲೂಕಿನಲ್ಲಿ ಘಟಪ್ರಭಾ ನದಿಯೂ ಹರಿಯುತ್ತವೆ. ಬೀಳಗಿ ತಾಲೂಕಿನ ಚಿಕ್ಕಸಂಗಮದಲ್ಲಿ ಘಟಪ್ರಭೆ ಕೃಷ್ಣೆಯನ್ನು ಕೂಡುತ್ತದೆ. ಆ ಭಾಗಕ್ಕೆ ಆಲಮಟ್ಟಿ ಜಲಾಶಯದ ಹಿನ್ನೀರು ಚಾಚಿದೆ. ನದಿ ಇಷ್ಟು ಸಮೀಪವಿದ್ದರೂ ಅನೇಕ ಮನೆಗಳಿಗೆ ಕೊಳವೆಬಾವಿಯ ನೀರೇ ಆಧಾರ. ಇವೆರಡು ನೀರಿನ ಗುಣ ಬೇರೆ ಬೇರೆ.

ಕಲಾದಗಿ ಮತ್ತು ಮುಧೋಳ ತಾಲೂಕಿನ ಲೋಕಾಪುರದ ಸುತ್ತಲಿನ ನೆಲದಲ್ಲಿ ಸುಣ್ಣಕಲ್ಲು ಮತ್ತು ಡಾಲೊಮೈಟ್‌ ಶಿಲೆಗಳಿವೆ. ಈ ಭಾಗದಲ್ಲಿ ಸಿಮೆಂಟ್‌ ತಯಾರಿಕೆ ಬೆಳೆದದ್ದಕ್ಕೂ ಅದೇ ಸುಣ್ಣಕಲ್ಲು ಕಾರಣ. ಇಂಥ ಶಿಲೆಯ ನಡುವೆ ಇಳಿದ ಮಳೆನೀರು ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಬೈಕಾರ್ಬೊನೇಟುಗಳನ್ನು ಕರಗಿಸಿಕೊಂಡು ಗಡಸಾಗುತ್ತದೆ, ಕ್ಷಾರೀಯವೂ ಆಗುತ್ತದೆ. ಸಾಬೂನು ನೊರೆ ಬಾರದಿರುವುದು, ನೀರು ಕಾಯಿಸುವ ಹಂಡೆಯ ಒಳಗೆ ಬಿಳಿಯ ಹೊಟ್ಟು ಕಟ್ಟುವುದು ಇದರ ನಿತ್ಯದ ಕುರುಹುಗಳು. ಉಪಕರಣವಿಲ್ಲದವರಿಗೆ ಈ ಕುರುಹುಗಳೇ ಮೊದಲ ಪರೀಕ್ಷೆ.

ಊರಿನ ನಳದಲ್ಲಿ ಬರುವ ಸಂಸ್ಕರಿಸಿದ ನೀರಿನಲ್ಲಿ ಕ್ಲೋರಿನ್‌ ಇರುತ್ತದೆ. ಅದು ಮೀನಿನ ಕಿವಿರುಗಳನ್ನು ಸುಡುತ್ತದೆ. ಬಾಯಿ ಅಗಲವಾದ ಬಕೆಟ್ಟಿನಲ್ಲಿ ನೀರನ್ನು ಒಂದು ದಿನ ತೆರೆದಿಟ್ಟರೆ ಸಾಮಾನ್ಯ ಕ್ಲೋರಿನ್‌ ಹಾರಿಹೋಗುತ್ತದೆ. ಶುದ್ಧ ಕುಡಿಯುವ ನೀರಿನ ಘಟಕಗಳಿಂದ ಕ್ಯಾನಿನಲ್ಲಿ ತರುವ ನೀರು ಇದಕ್ಕೆ ತದ್ವಿರುದ್ಧವಾದ ತೊಂದರೆ ಕೊಡುತ್ತದೆ. ಅದರಲ್ಲಿ ಖನಿಜಗಳು ತೀರಾ ಕಡಿಮೆ. ಬರೀ ಅದನ್ನೇ ತುಂಬಿದ ತೊಟ್ಟಿಯಲ್ಲಿ ಪಿಎಚ್‌ ಮೌಲ್ಯ ಸ್ಥಿರವಾಗಿ ನಿಲ್ಲದು. ಬಹಳ ಗಡಸಾದ ಕೊಳವೆಬಾವಿಯ ನೀರಿಗೆ ಈ ಕ್ಯಾನಿನ ನೀರನ್ನು ಅರ್ಧಕ್ಕರ್ಧ ಬೆರೆಸುವುದು ಮಧ್ಯಮಮಾರ್ಗ.

ಬೇಸಿಗೆಯ ಆವಿಯಾಗುವಿಕೆಯ ಲೆಕ್ಕವನ್ನು ಹೆಚ್ಚಿನವರು ಗಮನಿಸುವುದಿಲ್ಲ. ಮೇಲೆ ಹೇಳಿದ 30×20 ಸೆಂ.ಮೀ. ತೊಟ್ಟಿಯಲ್ಲಿ ದಿನಕ್ಕೆ 5 ಮಿ.ಮೀ. ನೀರು ಇಳಿದರೆ 300 ಮಿಲಿಲೀಟರ್‌ ಆವಿಯಾಯಿತೆಂದು ಅರ್ಥ. 30 ದಿನಗಳಲ್ಲಿ ಅದು 9 ಲೀಟರ್‌, ಅಂದರೆ ತೊಟ್ಟಿಯಲ್ಲಿರುವಷ್ಟೇ ನೀರು. ನೀರು ಮಾತ್ರ ಹಾರಿಹೋಗುತ್ತದೆ, ಅದರಲ್ಲಿದ್ದ ಸುಣ್ಣ ಉಳಿಯುತ್ತದೆ. ಕಡಿಮೆಯಾದಷ್ಟನ್ನು ಕೊಳವೆಬಾವಿಯ ನೀರಿನಿಂದಲೇ ತುಂಬುತ್ತ ಹೋದರೆ, ನಡುವೆ ನೀರು ಬದಲಾಯಿಸದಿದ್ದ ಪಕ್ಷದಲ್ಲಿ, ಒಂದು ತಿಂಗಳಿಗೆ ಗಡಸುತನ ಇಮ್ಮಡಿಯಾಗುತ್ತದೆ. ‘ದಿನಾಲೂ ಹೊಸ ನೀರು ಹಾಕಿದರೂ ಮೀನು ಸತ್ತವು’ ಎಂಬ ದೂರಿನ ಹಿಂದೆ ಅನೇಕ ವೇಳೆ ಇರುವುದು ಇದೇ. ಆವಿಯಾದ ನೀರಿಗೆ ಬದಲಾಗಿ ಖನಿಜವಿಲ್ಲದ ಕ್ಯಾನಿನ ನೀರನ್ನು ಅಥವಾ ಶುಚಿಯಾಗಿ ಹಿಡಿದ ಮಳೆನೀರನ್ನು ಹಾಕಬೇಕು. ವಾರಕ್ಕೊಮ್ಮೆ ಹಳೆಯ ನೀರನ್ನು ತೆಗೆದು ಹೊಸದನ್ನು ತುಂಬುವಾಗ ಮಾತ್ರ ಎಂದಿನ ನೀರನ್ನು ಬಳಸಬೇಕು.

ಈ ಪ್ರದೇಶದಲ್ಲಿ ಏಪ್ರಿಲ್‌ ಮತ್ತು ಮೇ ತಿಂಗಳುಗಳಲ್ಲಿ ಹಗಲಿನ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್‌ ಮುಟ್ಟುವುದುಂಟು. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗಿ ನಿಲ್ಲುವ ಆಮ್ಲಜನಕ ಕಡಿಮೆಯಾಗುತ್ತದೆ: 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಹಿಡಿಯುವ ನೀರು 35 ಡಿಗ್ರಿಯಲ್ಲಿ 7 ಮಿಲಿಗ್ರಾಮಿನಷ್ಟನ್ನೇ ಹಿಡಿಯುತ್ತದೆ. ಅದೇ ಹೊತ್ತಿಗೆ ಮೀನಿನ ದೇಹಕ್ಕೆ ಬೇಕಾಗುವ ಆಮ್ಲಜನಕ ಹೆಚ್ಚುತ್ತದೆ. ವಿದ್ಯುತ್‌ ಹೋಗಿ ಗಾಳಿಯ ಪಂಪು ನಿಂತಾಗ ಈ ಎರಡೂ ಒಟ್ಟಿಗೆ ಬಾಧಿಸುತ್ತವೆ. ತೊಟ್ಟಿಯನ್ನು ಪಡುವಣ ಗೋಡೆಗೂ ತಗಡಿನ ಚಾವಣಿಯ ಕೋಣೆಗೂ ದೂರವಾಗಿ, ನೆಲಕ್ಕೆ ಸಮೀಪವಾಗಿ ಇಡುವುದು ಒಳ್ಳೆಯದು. ಒದ್ದೆ ಬಟ್ಟೆಯನ್ನು ಗಾಜಿನ ಹೊರಮೈಗೆ ಸುತ್ತಿ ಫ್ಯಾನಿನ ಗಾಳಿ ತಗಲುವಂತೆ ಮಾಡಿದರೆ ಮಣ್ಣಿನ ಗಡಿಗೆಯ ನೀರು ತಂಪಾಗುವ ನಿಯಮದಿಂದಲೇ ತೊಟ್ಟಿಯೂ ಕೆಲವು ಡಿಗ್ರಿ ತಂಪಾಗುತ್ತದೆ. ಮಂಜುಗಡ್ಡೆಯನ್ನು ನೇರವಾಗಿ ಹಾಕಬಾರದು. ಉಷ್ಣತೆಯ ಹಠಾತ್‌ ಇಳಿತವು ಬಿಸಿಗಿಂತ ಹೆಚ್ಚು ಹಾನಿಕರ.

ಅಮೋನಿಯ ಮತ್ತು ತೊಟ್ಟಿ ಹದಗೊಳ್ಳುವ ಕಾಲ

ಮೀನು ಕಿವಿರುಗಳ ಮೂಲಕ ಅಮೋನಿಯವನ್ನು ಹೊರಹಾಕುತ್ತದೆ. ತಿನ್ನದೆ ಉಳಿದ ಆಹಾರ ಕೊಳೆತಾಗಲೂ ಅಮೋನಿಯ ಉಂಟಾಗುತ್ತದೆ. ನೈಟ್ರೋಸೋಮೊನಾಸ್‌ ಮೊದಲಾದ ಬ್ಯಾಕ್ಟೀರಿಯಗಳು ಇದನ್ನು ನೈಟ್ರೈಟ್‌ ಆಗಿಯೂ, ನೈಟ್ರೋಸ್ಪೈರ ಮೊದಲಾದವು ನೈಟ್ರೈಟನ್ನು ನೈಟ್ರೇಟ್‌ ಆಗಿಯೂ ಮಾರ್ಪಡಿಸುತ್ತವೆ. ಮೊದಲೆರಡು ವಸ್ತುಗಳು ಮೀನಿಗೆ ವಿಷ. ನೈಟ್ರೇಟ್‌ ಹೆಚ್ಚು ಪ್ರಮಾಣದಲ್ಲಿ ಸೇರದ ಹೊರತು ಅಪಾಯಕಾರಿಯಲ್ಲ, ಸಸ್ಯಗಳಿಗಂತೂ ಗೊಬ್ಬರ. ಹೊಸ ತೊಟ್ಟಿಯ ಮರಳು ಮತ್ತು ಶೋಧಕದ ಸ್ಪಂಜಿನಲ್ಲಿ ಈ ಬ್ಯಾಕ್ಟೀರಿಯಗಳು ನೆಲೆಗೊಳ್ಳಲು ಸಾಮಾನ್ಯವಾಗಿ 4ರಿಂದ 6 ವಾರಗಳು ಬೇಕು. ತೊಟ್ಟಿ ತಂದ ದಿನವೇ ಮೀನನ್ನೂ ತಂದು ಬಿಡುವುದು ಮೊದಲ ತಿಂಗಳಿನ ಸಾವುಗಳಿಗೆ ಮುಖ್ಯ ಕಾರಣ. ಹಳೆಯ ಆರೋಗ್ಯಕರ ತೊಟ್ಟಿಯಲ್ಲಿದ್ದ ಸ್ಪಂಜಿನ ತುಂಡೊಂದನ್ನು ತಂದು ಹಾಕಿದರೆ ಈ ಅವಧಿ ಮೊಟಕಾಗುತ್ತದೆ.

ಗಡಸು ನೀರಿನ ಊರುಗಳಿಗೆ ಇಲ್ಲಿ ವಿಶೇಷವಾದ ಎಚ್ಚರಿಕೆಯೊಂದಿದೆ. ನೀರಿನಲ್ಲಿರುವ ಒಟ್ಟು ಅಮೋನಿಯದಲ್ಲಿ ವಿಷಕಾರಿಯಾದ ಅಯಾನೀಕರಿಸದ ರೂಪದ ಪಾಲು ಪಿಎಚ್‌ ಮತ್ತು ಉಷ್ಣತೆಯನ್ನು ಅವಲಂಬಿಸಿದೆ. 25 ಡಿಗ್ರಿಯಲ್ಲಿ ಪಿಎಚ್‌ 7 ಇರುವಾಗ ಆ ಪಾಲು ನೂರಕ್ಕೆ 1ಕ್ಕಿಂತ ಕಡಿಮೆ. ಪಿಎಚ್‌ 8ಕ್ಕೆ ಏರಿದರೆ ನೂರಕ್ಕೆ 5ರಷ್ಟು. ನೀರು 30 ಡಿಗ್ರಿಗೆ ಕಾದರೆ ಮತ್ತೂ ಹೆಚ್ಚು. ಮೃದುನೀರಿನ ಊರಿನಲ್ಲಿ ಮೀನು ಸಹಿಸಿಕೊಳ್ಳುವ ಅದೇ ಹೊಲಸು ಮುಧೋಳದ ಕೊಳವೆಬಾವಿಯ ನೀರಿನಲ್ಲಿ, ಮೇ ತಿಂಗಳಿನಲ್ಲಿ, ಪ್ರಾಣ ತೆಗೆಯಬಹುದು. ಆದ್ದರಿಂದ ಮೀನಿನ ಸಂಖ್ಯೆಯ ಬಗ್ಗೆ ಪುಸ್ತಕಗಳು ಹೇಳುವ ಮಿತಿಗಿಂತಲೂ ಕಡಿಮೆ ಇಡುವುದೇ ಇಲ್ಲಿ ಕ್ಷೇಮ.

ಮೀನುಗಳ ಆಯ್ಕೆ

ಗಪ್ಪಿ

ಗಡಸು ನೀರಿಗೆ ಹೊಂದುವ ಸಣ್ಣ ಮೀನುಗಳಲ್ಲಿ ಗಪ್ಪಿ ಮೊದಲನೆಯದು. ಪೊಯೆಸಿಲಿಯ ರೆಟಿಕ್ಯುಲೇಟ ಎಂಬ ಈ ಮೀನಿನ ತವರು ವೆನಿಜುವೆಲ, ಟ್ರಿನಿಡಾಡ್‌ ಮುಂತಾದ ಪ್ರದೇಶಗಳು. ಗಂಡು ಸುಮಾರು 3 ಸೆಂ.ಮೀ. ಬೆಳೆಯುತ್ತದೆ, ಬಣ್ಣ ಮತ್ತು ಬೀಸಣಿಗೆಯಂಥ ಬಾಲ ಗಂಡಿಗೇ ಸೇರಿದ್ದು. ಹೆಣ್ಣು 5 ಸೆಂ.ಮೀ. ದಾಟುವುದುಂಟು. ಸೊಳ್ಳೆಯ ಮರಿಗಳನ್ನು ತಿನ್ನುವುದರಿಂದ ಕರ್ನಾಟಕದಲ್ಲಿ ಮಲೇರಿಯ ನಿಯಂತ್ರಣಕ್ಕಾಗಿ ಬಾವಿ ಮತ್ತು ನೀರಿನ ತೊಟ್ಟಿಗಳಿಗೆ ಗಪ್ಪಿಯನ್ನು ಬಿಡುವ ಕ್ರಮವಿದೆ. ಹೀಗಾಗಿ ಅಕ್ವೇರಿಯಂ ಅಂಗಡಿಯನ್ನೇ ಕಾಣದವರಿಗೂ ಈ ಮೀನು ಪರಿಚಿತ.

ಗಪ್ಪಿ ಮೊಟ್ಟೆಯಿಡದೆ ಮರಿ ಹಾಕುವ ಮೀನು. ಸುಮಾರು ನಾಲ್ಕು ವಾರಗಳಿಗೊಮ್ಮೆ ಹತ್ತಾರು ಮರಿಗಳು ಹುಟ್ಟುತ್ತವೆ. ಹೆಣ್ಣು ಒಮ್ಮೆ ಪಡೆದ ವೀರ್ಯವನ್ನು ತಿಂಗಳುಗಟ್ಟಲೆ ಕಾಪಿಟ್ಟುಕೊಳ್ಳುವುದರಿಂದ ಗಂಡನ್ನು ಬೇರ್ಪಡಿಸಿದ ಮೇಲೂ ಮರಿ ಹಾಕುತ್ತಲೇ ಇರುತ್ತದೆ. ‘ಒಂದು ಜೋಡಿ’ ಕೊಳ್ಳುವ ರೂಢಿಯು ಕಿರು ತೊಟ್ಟಿಯ ಮಟ್ಟಿಗೆ ತಪ್ಪು. ಮೂರು ತಿಂಗಳಲ್ಲಿ 9 ಲೀಟರಿನಲ್ಲಿ ಕಾಲಿಡಲು ಜಾಗವಿರದು. ಗಂಡು ಮೀನುಗಳನ್ನು ಮಾತ್ರ, ಅದೂ ಹೆಚ್ಚೆಂದರೆ ಮೂರನ್ನು, ಇಡುವುದು ಸೂಕ್ತ. ಗಪ್ಪಿಗೆ ಹತ್ತಿರದ ಸಂಬಂಧಿಯಾದ, ಇನ್ನೂ ಚಿಕ್ಕದಾದ ಎಂಡ್ಲರ್‌ ಮೀನಿಗೂ ಇದೇ ಮಾತು ಸಲ್ಲುತ್ತದೆ.

ಬೆಟ್ಟಾ

ಅಂಗಡಿಗಳಲ್ಲಿ ಫೈಟರ್‌ ಎಂದು ಕರೆಯುವ ಬೆಟ್ಟಾ ಸ್ಪ್ಲೆಂಡೆನ್ಸ್‌ ಥಾಯ್ಲೆಂಡ್‌ ಕಡೆಯ ಮೀನು. ಕಿವಿರುಗಳ ಜೊತೆಗೆ ಲ್ಯಾಬಿರಿಂತ್‌ ಎಂಬ ಅಂಗವೂ ಇರುವುದರಿಂದ ನೀರಿನ ಮೇಲಕ್ಕೆ ಬಂದು ಗಾಳಿಯನ್ನೇ ಉಸಿರಾಡಬಲ್ಲದು. ವಿದ್ಯುತ್‌ ಕಡಿತದ ಹೊತ್ತಿನಲ್ಲಿ ಇದು ದೊಡ್ಡ ಅನುಕೂಲ. ಈ ಸಾಮರ್ಥ್ಯವನ್ನೇ ತಪ್ಪಾಗಿ ತಿಳಿದು ಲೋಟದಷ್ಟು ನೀರಿನಲ್ಲಿ ಇದನ್ನು ಇರಿಸುವುದು ರೂಢಿಯಾಗಿದೆ. ಗಾಳಿಯನ್ನು ಉಸಿರಾಡಿದರೂ ಬೆಟ್ಟಾ ಅಮೋನಿಯದಿಂದ ತಪ್ಪಿಸಿಕೊಳ್ಳಲಾರದು. ಲೋಟದ ನೀರಿನಲ್ಲಿ ಅದು ಬದುಕುವುದಲ್ಲ, ಸಾಯಲು ತಡಮಾಡುವುದಷ್ಟೇ. 9ರಿಂದ 10 ಲೀಟರ್‌ ನೀರಿಗೆ ಒಂದು ಬೆಟ್ಟಾ ಸರಿಯಾದ ಲೆಕ್ಕ. ಎರಡು ಗಂಡುಗಳು ಒಂದೆಡೆ ಇದ್ದರೆ ಹೋರಾಡಿ ಗಾಯಗೊಳ್ಳುತ್ತವೆ. ಉದ್ದ ಬಾಲದ ಗಪ್ಪಿಯನ್ನೂ ಎದುರಾಳಿ ಎಂದು ಭಾವಿಸಿ ಕಚ್ಚುವುದುಂಟು. ಆದುದರಿಂದ ಗಪ್ಪಿ ಮತ್ತು ಬೆಟ್ಟಾ ಇವೆರಡರಲ್ಲಿ ಒಂದನ್ನು ಮಾತ್ರ ಆರಿಸಬೇಕು. ಬಹಳ ಗಡಸು ನೀರನ್ನು ಬೆಟ್ಟಾ ಇಷ್ಟಪಡುವುದಿಲ್ಲ. ಇದಕ್ಕೆ ಬೆರಕೆಯ ನೀರು ಉತ್ತಮ. ಹಾರುವ ಸ್ವಭಾವವಿರುವುದರಿಂದ ತೊಟ್ಟಿಗೆ ಮುಚ್ಚಳ ಬೇಕು.

ಇದೇ ಲ್ಯಾಬಿರಿಂತ್‌ ಗುಂಪಿಗೆ ಸೇರಿದ, ಈಶಾನ್ಯ ಭಾರತ ಮತ್ತು ಬಾಂಗ್ಲಾದೇಶದ ಜೇನುಬಣ್ಣದ ಸಣ್ಣ ಗೌರಾಮಿಯು ಶಾಂತ ಸ್ವಭಾವದ್ದು. ತೊಟ್ಟಿಯು 20 ಲೀಟರಿಗೆ ಮೀರಿದ್ದರೆ ಇದನ್ನು ಪರಿಗಣಿಸಬಹುದು.

ಹೊಂದದ ಮೀನುಗಳು

ಚಿನ್ನದ ಮೀನು (ಗೋಲ್ಡ್‌ಫಿಷ್‌) ಗುಂಡನೆಯ ಬಟ್ಟಲಿನ ಚಿತ್ರದೊಂದಿಗೆ ಎಷ್ಟು ಬೆರೆತುಹೋಗಿದೆಯೆಂದರೆ ಅದು ಆ ಬಟ್ಟಲಿಗೇ ಹುಟ್ಟಿದ ಮೀನೆಂದು ಮಕ್ಕಳು ತಿಳಿಯುತ್ತಾರೆ. ವಾಸ್ತವದಲ್ಲಿ ಇದು ಚೀನಾ ಮೂಲದ, 20 ಸೆಂ.ಮೀ.ವರೆಗೆ ಬೆಳೆಯಬಲ್ಲ, ಹತ್ತು ವರ್ಷಕ್ಕೂ ಮಿಕ್ಕಿ ಬದುಕಬಲ್ಲ ಮೀನು. ತಂಪು ನೀರನ್ನು ಬಯಸುತ್ತದೆ, ಹೊಲಸನ್ನೂ ಹೆಚ್ಚು ಮಾಡುತ್ತದೆ. ಕಿರು ತೊಟ್ಟಿಗೆ, ಅದರಲ್ಲೂ ಬಿಸಿಲನಾಡಿನ ಕಿರು ತೊಟ್ಟಿಗೆ, ಇದಕ್ಕಿಂತ ಅನುಚಿತವಾದ ಆಯ್ಕೆ ಇನ್ನೊಂದಿಲ್ಲ.

ನಿಯಾನ್‌ ಟೆಟ್ರಾ ಗಾತ್ರದಲ್ಲಿ ಚಿಕ್ಕದಾದರೂ ಅಮೆಜಾನ್‌ ಕೊಳ್ಳದ ಮೃದುವಾದ, ತುಸು ಆಮ್ಲೀಯ ನೀರಿನದು. ಇಲ್ಲಿನ ಸುಣ್ಣದ ನೀರೂ ಬೇಸಿಗೆಯೂ ಅದಕ್ಕೆ ಒಗ್ಗುವುದಿಲ್ಲ. ಮೋಲಿಗೆ ಗಡಸು ನೀರು ಹಿತ, ಆದರೆ ಜಾಗ ಸಾಲದು. ಝೀಬ್ರಾ ಡೇನಿಯೊ ಗುಂಪಿನಲ್ಲಿ ಓಡಾಡುವ ಚುರುಕು ಮೀನಾದ್ದರಿಂದ ಕನಿಷ್ಠ 60 ಸೆಂ.ಮೀ. ಉದ್ದದ ತೊಟ್ಟಿಯನ್ನು ಬೇಡುತ್ತದೆ. ಏಂಜೆಲ್‌ ಮೀನು ಬೆಳೆದಾಗ ತೊಟ್ಟಿಯ ಎತ್ತರವನ್ನೇ ಮೀರುತ್ತದೆ. ‘ಗಾಜಿಗೆ ಹತ್ತಿದ ಪಾಚಿಯನ್ನು ತಿಂದು ಸ್ವಚ್ಛ ಮಾಡುತ್ತದೆ’ ಎಂದು ಮಾರುವ ಸಕ್ಕರ್‌ ಮೀನು ಕೊಳ್ಳುವಾಗ ಬೆರಳುದ್ದವಿದ್ದರೂ ಒಂದು ಮೊಳದಷ್ಟು ಬೆಳೆಯುವ ಜಾತಿಯದು.

ಸ್ಥಳೀಯ ಮೀನುಗಳು

ಹಳ್ಳ ಮತ್ತು ಕಾಲುವೆಗಳಲ್ಲಿ ಹಿಡಿದ ಮರಿಮೀನುಗಳನ್ನು ಮನೆಯ ತೊಟ್ಟಿಗೆ ತರುವುದು ಮಕ್ಕಳ ಹಳೆಯ ಹವ್ಯಾಸ. ಹೀಗೆ ತಂದ ಬೆಳ್ಳಿಬಣ್ಣದ ಮರಿ ಕಾಟ್ಲಾ ಅಥವಾ ರೋಹು ಆಗಿರುವ ಸಂಭವವಿದೆ. ಮೂಲತಃ ಉತ್ತರದ ನದಿಗಳವಾದ ಇವನ್ನು ದಕ್ಷಿಣದ ಜಲಾಶಯಗಳಲ್ಲಿ ಮೀನುಗಾರಿಕೆಗಾಗಿ ಬಿತ್ತಲಾಗುತ್ತದೆ. ಬೆಳೆದರೆ ಕಿಲೋಗಟ್ಟಲೆ ತೂಗುತ್ತವೆ. ಮೈಮೇಲೆ ಕಪ್ಪು ಚುಕ್ಕೆಗಳಿರುವ ಸಣ್ಣ ಬಾರ್ಬ್‌ ಮೀನುಗಳು ಚಿಕ್ಕವಾಗಿಯೇ ಉಳಿಯುತ್ತವೆ, ನೋಡಲೂ ಚೆಲುವಾಗಿವೆ. ಆದರೆ ಅವು ಆರೆಂಟರ ಗುಂಪಿನಲ್ಲಿ ಬಾಳುವಂಥವು. ಪರ್ಯಾಯ ದ್ವೀಪದ ನಿಂತ ನೀರುಗಳಲ್ಲಿ ವ್ಯಾಪಕವಾಗಿರುವ ಗೆರೆಮೈಯ ಅಪ್ಲೊಕೈಲಸ್‌ ಮೀನು ಬಿಸಿಯನ್ನು ಸಹಿಸುತ್ತದೆ, ಸೊಳ್ಳೆಮರಿಗಳನ್ನೂ ತಿನ್ನುತ್ತದೆ, 10 ಸೆಂ.ಮೀ.ವರೆಗೆ ಬೆಳೆಯುವುದರಿಂದ ಅದಕ್ಕೂ ದೊಡ್ಡ ತೊಟ್ಟಿಯೇ ಬೇಕು. ಸ್ಥಳೀಯವೆಂಬ ಕಾರಣಕ್ಕೆ ಮೀನೊಂದು ಕಿರು ತೊಟ್ಟಿಗೆ ಹೊಂದುತ್ತದೆ ಎನ್ನಲಾಗದು.

ಮೀನಿಲ್ಲದ ತೊಟ್ಟಿ

5 ಲೀಟರಿಗಿಂತ ಕಡಿಮೆ ನೀರಿನ ಪಾತ್ರೆಯಲ್ಲಿ ಮೀನನ್ನು ಇಡದಿರುವುದೇ ಸರಿ. ಅಂಥದ್ದರಲ್ಲಿ ಸಸ್ಯಗಳನ್ನೂ ಬಸವನಹುಳುಗಳನ್ನೂ ಸಾಕಬಹುದು. ಗಡಸು ನೀರಿನ ಕ್ಯಾಲ್ಸಿಯಂ ಬಸವನಹುಳುವಿನ ಚಿಪ್ಪಿಗೆ ಒದಗುತ್ತದೆ. ಮೃದುನೀರಿನಲ್ಲಿ ಚಿಪ್ಪು ಸವೆದು ತೂತಾಗುವ ತೊಂದರೆ ಇಲ್ಲಿರದು. ಕಾಲುವೆ ಮತ್ತು ಕೆರೆಗಳಿಂದ ಹಿಡಿದು ತರುವುದು ಬೇಡ. ಅಲ್ಲಿ ಸಾಮಾನ್ಯವಾಗಿ ಕಾಣುವ ಇಂಡೋಪ್ಲೇನಾರ್ಬಿಸ್‌ ಎಂಬ ಚಪ್ಪಟೆ ಸುರುಳಿಯ ಬಸವನಹುಳು ದನಕರುಗಳಿಗೆ ತಗಲುವ ಪರೋಪಜೀವಿಗಳ ಮಧ್ಯವರ್ತಿ. ಆ ಪರೋಪಜೀವಿಯ ಮರಿಗಳಿಂದ ಮನುಷ್ಯರಿಗೆ ಚರ್ಮದ ತುರಿಕೆಯೂ ಬರುತ್ತದೆ. ಬಸವನಹುಳುಗಳ ಸಂಖ್ಯೆ ಏಕಾಏಕಿ ಹೆಚ್ಚಿದರೆ ತೊಟ್ಟಿಗೆ ಆಹಾರ ಹೆಚ್ಚಾಗಿ ಬೀಳುತ್ತಿದೆಯೆಂದು ತಿಳಿಯಬೇಕು.

ಚೆರ್ರಿ ಸಿಗಡಿಯೂ ಇಂಥ ತೊಟ್ಟಿಗೆ ಹೆಸರಾದುದೇ. ಆದರೆ ನೀರು 30 ಡಿಗ್ರಿ ಮೀರಿದರೆ ಅದು ತಾಳುವುದಿಲ್ಲವಾದ್ದರಿಂದ ಈ ಭಾಗದಲ್ಲಿ ಬೇಸಿಗೆಯನ್ನು ದಾಟಿಸುವುದು ಕಷ್ಟ. ಮೀನಿಲ್ಲದ ತೊಟ್ಟಿಗೆ ಬಿಗಿಯಾದ ಜಾಲರಿಯ ಮುಚ್ಚಳ ಕಡ್ಡಾಯ. ಇಲ್ಲವಾದರೆ ಡೆಂಗಿ ಹರಡುವ ಈಡಿಸ್‌ ಸೊಳ್ಳೆಗೆ ಅದೇ ತವರಾಗುತ್ತದೆ.

ಸಸ್ಯಗಳ ಆಯ್ಕೆ

ಸಸ್ಯಗಳ ವಿಷಯದಲ್ಲಿ ಗಡಸು ನೀರು ಶಾಪವಲ್ಲ. ಜಲಸಸ್ಯಗಳಿಗೆ ದ್ಯುತಿಸಂಶ್ಲೇಷಣೆಗಾಗಿ ಇಂಗಾಲ ಬೇಕು. ಕ್ಷಾರೀಯ ನೀರಿನಲ್ಲಿ ಕರಗಿದ ಇಂಗಾಲದ ಡೈಆಕ್ಸೈಡ್‌ ಸ್ವತಂತ್ರವಾಗಿ ಇರುವುದು ಅತ್ಯಲ್ಪ. ಬಹುಭಾಗ ಬೈಕಾರ್ಬೊನೇಟ್‌ ರೂಪದಲ್ಲಿರುತ್ತದೆ. ಕೆಲವು ಸಸ್ಯಗಳು ಮಾತ್ರ ಈ ಬೈಕಾರ್ಬೊನೇಟಿನಿಂದಲೇ ಇಂಗಾಲವನ್ನು ಪಡೆಯಬಲ್ಲವು. ಹೈಡ್ರಿಲ್ಲ, ವ್ಯಾಲಿಸ್ನೇರಿಯ ಮತ್ತು ಸೆರಟೋಫಿಲಂ ಆ ಗುಂಪಿಗೆ ಸೇರಿವೆ. ಮೂರೂ ಭಾರತದ ಕೆರೆ ಹೊಳೆಗಳಲ್ಲಿ ಬೆಳೆಯುವಂಥವೇ. ಬೆಲೆಬಾಳುವ ವಿದೇಶಿ ಸಸ್ಯ ಸೊರಗುವ ಸುಣ್ಣದ ನೀರಿನಲ್ಲಿ ಇವು ಹುಲುಸಾಗಿ ಬೆಳೆಯುವುದರ ರಹಸ್ಯ ಇದು. ಎಲೆಯ ಮೇಲೆ ಕೈಗೆ ಒರಟಾಗಿ ತಗಲುವ ಬಿಳಿಯ ಪುಡಿ ಕಂಡರೆ ಗಾಬರಿಯಾಗಬೇಕಿಲ್ಲ. ಸಸ್ಯವು ಬೈಕಾರ್ಬೊನೇಟನ್ನು ಬಳಸಿಕೊಂಡಾಗ ಹೊರಬಿದ್ದ ಸುಣ್ಣವದು.

ಹೈಡ್ರಿಲ್ಲವನ್ನು ಪ್ರೌಢಶಾಲೆಯ ವಿದ್ಯಾರ್ಥಿಗಳೆಲ್ಲ ಬಲ್ಲರು. ಬೀಕರಿನ ನೀರಿನಲ್ಲಿ ಇದರ ಟೊಂಗೆಗಳನ್ನಿಟ್ಟು, ಮೇಲೆ ಆಲಿಕೆಯನ್ನೂ ಪ್ರನಾಳವನ್ನೂ ಬೋರಲು ಹಾಕಿ ಬಿಸಿಲಿನಲ್ಲಿ ಇರಿಸಿದಾಗ ಏಳುವ ಗುಳ್ಳೆಗಳಿಂದ ಆಮ್ಲಜನಕವನ್ನು ತೋರಿಸುವ ಪ್ರಯೋಗ ಪ್ರಸಿದ್ಧವಾದುದು. ಬೇರಿಲ್ಲದ ತುಂಡನ್ನು ಮರಳಿಗೆ ಚುಚ್ಚಿದರೂ ಚಿಗುರುತ್ತದೆ. ಬೆಳವಣಿಗೆ ಎಷ್ಟು ವೇಗವೆಂದರೆ ವಾರಕ್ಕೊಮ್ಮೆ ಕತ್ತರಿಸದಿದ್ದರೆ ಕಿರು ತೊಟ್ಟಿಯನ್ನು ತುಂಬಿಬಿಡುತ್ತದೆ. ವ್ಯಾಲಿಸ್ನೇರಿಯ ಪಟ್ಟಿಯಂಥ ಎಲೆಯ ಸಸ್ಯ. ಇದರ ಹೆಣ್ಣು ಹೂವು ಸುರುಳಿ ದೇಟಿನ ಮೇಲೆ ನೀರಿನ ಮಟ್ಟಕ್ಕೆ ಏರಿ, ತೇಲಿಬರುವ ಗಂಡು ಹೂಗಳಿಂದ ಪರಾಗ ಪಡೆಯುವ ಬಗೆಯು ಪದವಿಪೂರ್ವ ಜೀವಶಾಸ್ತ್ರದ ಪಾಠಗಳಲ್ಲಿ ಬರುತ್ತದೆ. ಇದರ ಎಲೆ 20 ಸೆಂ.ಮೀ. ಎತ್ತರವನ್ನು ಮೀರಿ ನೀರಿನ ಮೇಲೆ ಮಡಿಚಿಕೊಳ್ಳುವುದರಿಂದ ಒಂದೆರಡು ಬುಡಗಳು ಸಾಕು. ಸೆರಟೋಫಿಲಂಗೆ ಬೇರೇ ಇಲ್ಲ; ತೇಲಿಬಿಟ್ಟರಾಯಿತು.

ನಿಧಾನವಾಗಿ ಬೆಳೆಯುವ ಸಸ್ಯ ಬೇಕೆನ್ನುವವರಿಗೆ ಪಶ್ಚಿಮ ಆಫ್ರಿಕದ ಅನೂಬಿಯಾಸ್‌ ಮತ್ತು ಆಗ್ನೇಯ ಏಷ್ಯದ ಜಾವಾ ಜರಿಗಿಡ ಇವೆ. ಮಂದ ಬೆಳಕು ಇವಕ್ಕೆ ಸಾಕು. ಇವುಗಳ ಗಡ್ಡೆಯಂಥ ಕಾಂಡವನ್ನು ಮರಳಿನಲ್ಲಿ ಹೂಳಬಾರದು, ಕೊಳೆಯುತ್ತದೆ. ಕಲ್ಲಿಗೋ ಕಟ್ಟಿಗೆಗೋ ದಾರದಿಂದ ಕಟ್ಟಬೇಕು. ಬೇಲಿಯಾಚೆಯ ತೇವದ ನೆಲದಲ್ಲಿ ಬೆಳೆಯುವ ನೀರುಬ್ರಾಹ್ಮಿಯೂ ನೀರಿನೊಳಗೆ ಒಗ್ಗಿಕೊಳ್ಳುತ್ತದೆ. ಬ್ರಾಹ್ಮಿ ಎಂದು ಕೆಲವೆಡೆ ಕರೆಯುವ ಒಂದೆಲಗವೇ ಬೇರೆ, ಇದೇ ಬೇರೆ, ಕೊಳ್ಳುವಾಗ ಗೊಂದಲವಾಗುವುದುಂಟು. ತೇಲುವ ಅಂತರಗಂಗೆಯು ನೀರಿನ ಮೇಲ್ಮೈಯನ್ನು ಪೂರ್ತಿ ಮುಚ್ಚಿ ಗಾಳಿ ಬೆಳಕು ಎರಡನ್ನೂ ತಡೆಯುವುದರಿಂದ ಕಿರು ತೊಟ್ಟಿಗೆ ತಕ್ಕುದಲ್ಲ.

ಸಸ್ಯಗಳು ಆಮ್ಲಜನಕ ಕೊಡುವುದು ಬೆಳಕಿನಲ್ಲಿ ಮಾತ್ರ. ರಾತ್ರಿ ಅವೂ ಮೀನಿನಂತೆಯೇ ಆಮ್ಲಜನಕವನ್ನು ಬಳಸುತ್ತವೆ. ಸಸ್ಯ ಕಿಕ್ಕಿರಿದ ಸಣ್ಣ ತೊಟ್ಟಿಯಲ್ಲಿ ಬೆಳಗಿನ ಜಾವ ಮೀನುಗಳು ಮೇಲೆ ಬಂದು ಬಾಯಿ ಬಡಿಯುವುದಕ್ಕೆ ಇದು ಕಾರಣ. ಹಗಲಿನಲ್ಲಿ ನೇರ ಬಿಸಿಲು ಬಿದ್ದರೆ ಸಸ್ಯಗಳು ಇಂಗಾಲವನ್ನು ಬರಿದುಮಾಡಿ ಪಿಎಚ್‌ ಏರಿಸುತ್ತವೆ. ಆಗ ಅಮೋನಿಯದ ವಿಷವೂ ಏರುತ್ತದೆಂಬುದನ್ನು ಮೇಲೆ ಹೇಳಿದೆ. ದಿನಕ್ಕೆ 7–8 ಗಂಟೆಗಳ ದೀಪದ ಬೆಳಕು ಸಾಕು. ತೊಟ್ಟಿಯ ಮೂರನೆಯ ಒಂದು ಭಾಗವನ್ನಾದರೂ ಈಜಲು ತೆರವಾಗಿ ಬಿಡಬೇಕು.

ತಳಕ್ಕೆ ಹಾಸುವ ಮರಳು ಮತ್ತು ಅಲಂಕಾರದ ಕಲ್ಲುಗಳನ್ನು ಮೊದಲು ಪರೀಕ್ಷಿಸಬೇಕು. ಕಲ್ಲಿನ ಮೇಲೆ ನಿಂಬೆರಸದ ಹನಿ ಬಿದ್ದಾಗ ಗುಳ್ಳೆ ಎದ್ದರೆ ಅದು ಸುಣ್ಣಕಲ್ಲು. ಲೋಕಾಪುರದ ಕಡೆಯಿಂದ ತಂದ ನುಣುಪಾದ ಬಣ್ಣದ ಕಲ್ಲುಗಳು ಎಷ್ಟು ಸೊಗಸಾಗಿದ್ದರೂ ಈಗಾಗಲೇ ಗಡಸಾದ ನೀರಿಗೆ ಅವನ್ನು ಸೇರಿಸುವುದು ಯುಕ್ತವಲ್ಲ.

ಆರೈಕೆ

ಆಹಾರವು ಎರಡು ನಿಮಿಷದಲ್ಲಿ ಮೀನು ತಿಂದು ಮುಗಿಸುವಷ್ಟಿರಬೇಕು. ವಾರಕ್ಕೊಂದು ದಿನ ಉಪವಾಸವಿದ್ದರೆ ಹಾನಿಯಿಲ್ಲ. ಚುರುಮುರಿ, ರೊಟ್ಟಿಯ ಚೂರು, ಬಿಸ್ಕತ್ತು ಹಾಕುವ ಅಭ್ಯಾಸ ನೀರನ್ನು ಒಂದೇ ರಾತ್ರಿಯಲ್ಲಿ ಕೆಡಿಸುತ್ತದೆ. ಮನೆಗೆ ಬಂದ ನೆಂಟರ ಮಕ್ಕಳು ಪ್ರೀತಿಯಿಂದ ಉಣಿಸಿದ ದಿನವೇ ಹೆಚ್ಚು ಮೀನುಗಳು ಸಾಯುತ್ತವೆ. ವಾರಕ್ಕೊಮ್ಮೆ ಕಾಲುಭಾಗ, ಅಂದರೆ 9 ಲೀಟರಿನ ತೊಟ್ಟಿಯಲ್ಲಿ ಸುಮಾರು 2 ಲೀಟರ್‌ ನೀರನ್ನು ಬದಲಾಯಿಸಬೇಕು. ಎಲ್ಲವನ್ನೂ ಚೆಲ್ಲಿ, ಮರಳನ್ನು ಸೋಪುಪುಡಿಯಿಂದ ತೊಳೆದು ಹೊಸದಾಗಿ ತುಂಬುವುದು ಶುಚಿಯಾಗಿ ಕಂಡರೂ ಉಪಕಾರಿ ಬ್ಯಾಕ್ಟೀರಿಯಗಳನ್ನು ನಾಶಮಾಡಿ ತೊಟ್ಟಿಯನ್ನು ಮತ್ತೆ ಮೊದಲ ದಿನಕ್ಕೆ ಒಯ್ಯುತ್ತದೆ. ಸ್ಪಂಜನ್ನು ನಳದ ಕೆಳಗೆ ಹಿಡಿಯದೆ, ತೊಟ್ಟಿಯಿಂದ ತೆಗೆದ ಹಳೆಯ ನೀರಿನಲ್ಲೇ ಹಿಂಡಬೇಕು.

ಅಲಂಕಾರಿಕ ಮೀನು ಸಾಕಣೆಗೆ ಹೆಸರಾದ ಚೆನ್ನೈನ ಕೊಳತ್ತೂರು, ಕೋಲ್ಕತ್ತ ಮುಂತಾದ ದೂರದ ಕೇಂದ್ರಗಳಿಂದ ಬರುವ ಮೀನುಗಳು ಬೇರೆ ನೀರಿನಲ್ಲಿ ಬೆಳೆದಿರುತ್ತವೆ. ತಂದ ಚೀಲವನ್ನು 15 ನಿಮಿಷ ತೊಟ್ಟಿಯಲ್ಲಿ ತೇಲಿಬಿಟ್ಟು, ಬಳಿಕ ಚೀಲಕ್ಕೆ ತೊಟ್ಟಿಯ ನೀರನ್ನು ಅರ್ಧ ಗಂಟೆಯ ಅವಧಿಯಲ್ಲಿ ಸ್ವಲ್ಪ ಸ್ವಲ್ಪವಾಗಿ ಬೆರೆಸಿ, ಮೀನನ್ನು ಮಾತ್ರ ಎತ್ತಿ ಬಿಡಬೇಕು. ಚೀಲದ ನೀರನ್ನು ತೊಟ್ಟಿಗೆ ಸುರಿಯಬಾರದು.

ನದಿಗೆ ಬಿಡುವ ಪ್ರಶ್ನೆ

ಸಾಕಲಾಗದ ಮೀನನ್ನು ಕೊಲ್ಲಲು ಮನಸ್ಸು ಬಾರದೆ ಹೊಳೆಗೆ ಬಿಡುವವರಿದ್ದಾರೆ. ದಯೆಯಿಂದ ಮಾಡಿದ ಈ ಕೆಲಸವು ನದಿಗೆ ಕೇಡು ತರಬಹುದು. ದಕ್ಷಿಣ ಅಮೆರಿಕದ ಸಕ್ಕರ್‌ ಮೀನು ಹೀಗೆಯೇ ಭಾರತದ ಹಲವು ನದಿ ಕೆರೆಗಳನ್ನು ಸೇರಿ ನೆಲೆಯೂರಿದೆ. ಅದರ ಗಡಸು ಮುಳ್ಳಿನ ಮೈ ಮೀನುಗಾರರ ಬಲೆಗಳನ್ನು ಹರಿಯುತ್ತದೆ. ಸೊಳ್ಳೆ ನಿಯಂತ್ರಣಕ್ಕೆಂದು ಜಗತ್ತಿನ ಹಲವೆಡೆ ಬಿಟ್ಟ ಗ್ಯಾಂಬೂಸಿಯ ಮೀನು ಸ್ಥಳೀಯ ಜೀವಿಗಳನ್ನು ಬಾಧಿಸಿ, ಅತ್ಯಂತ ಹಾನಿಕರವಾದ 100 ಆಕ್ರಮಣಕಾರಿ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಸೇರಿತು. ಸಸ್ಯಗಳ ಕಥೆಯೂ ಭಿನ್ನವಲ್ಲ. ನಮ್ಮ ಕೆರೆ ಹೊಳೆಗಳಲ್ಲಿ ಬೆಳೆಯುವ ಹೈಡ್ರಿಲ್ಲವು 1950ರ ದಶಕದಲ್ಲಿ ಅಕ್ವೇರಿಯಂ ವ್ಯಾಪಾರದ ಮೂಲಕ ಅಮೆರಿಕದ ಫ್ಲಾರಿಡಾವನ್ನು ತಲುಪಿ, ಅಲ್ಲಿನ ಕೆರೆ ಕಾಲುವೆಗಳನ್ನು ಕಟ್ಟಿಹಾಕಿದ ಕಳೆಯಾಯಿತು.

ಬೇಕೆಂದೇ ಬಿಡದಿದ್ದರೂ ಮೀನು ನದಿಗೆ ಸೇರಬಹುದು. 2019ರ ಆಗಸ್ಟ್‌ ತಿಂಗಳಿನಲ್ಲಿ ಘಟಪ್ರಭೆಯ ನೀರು ಮುಧೋಳದೊಳಕ್ಕೂ ಕೃಷ್ಣೆಯ ನೀರು ಜಮಖಂಡಿ ಮತ್ತು ರಬಕವಿ-ಬನಹಟ್ಟಿ ಭಾಗದ ನದಿದಡದ ಊರುಗಳೊಳಕ್ಕೂ ನುಗ್ಗಿತ್ತು. ಅಂಥ ನೆರೆಯಲ್ಲಿ ಅಂಗಳದ ಸಿಮೆಂಟ್‌ ತೊಟ್ಟಿಯ ಮೀನುಗಳು ನೀರಿನೊಡನೆ ಹೊರಟುಹೋಗುತ್ತವೆ. ನದಿದಡದ ಮನೆಗಳಲ್ಲಿ ಹೊರನಾಡಿನ ಮೀನುಗಳನ್ನು ಒಳಕೋಣೆಯ ಎತ್ತರದ ಜಾಗದಲ್ಲಿ ಸಾಕುವುದೇ ಉಚಿತ.

ಹೆಚ್ಚಾದ ಮೀನನ್ನು ಇನ್ನೊಬ್ಬ ಸಾಕಣೆದಾರರಿಗೆ ಕೊಡಬಹುದು, ಇಲ್ಲವೆ ಅಂಗಡಿಗೆ ಹಿಂದಿರುಗಿಸಬಹುದು. ಕತ್ತರಿಸಿ ತೆಗೆದ ಸಸ್ಯಗಳನ್ನು ಗಟಾರಿಗೆ ಎಸೆಯದೆ ಬಿಸಿಲಿನಲ್ಲಿ ಪೂರ್ತಿ ಒಣಗಿಸಿ ತಿಪ್ಪೆಗೆ ಸೇರಿಸಬೇಕು. ತೊಟ್ಟಿಯಿಂದ ತೆಗೆದ ಹಳೆಯ ನೀರಿನಲ್ಲಿ ನೈಟ್ರೇಟ್‌ ಇರುವುದರಿಂದ ಅದನ್ನು ಹಿತ್ತಿಲಿನ ಕರಿಬೇವು, ಮಲ್ಲಿಗೆ ಗಿಡಗಳ ಬುಡಕ್ಕೆ ಹಾಕಬಹುದು.